ಕೊಡಗೋ, ಚಿಕ್ಕಮಗಳೂರೋ, ಶಿರಸಿ ಸೀಮೆಯೋ? ತೋಟ, ಊಟ, ಆಟದ ಲೆಕ್ಕದಲ್ಲಿ ಒಂದು ಹೋಲಿಕೆ

ಮೂರು ದಿನ ರಜೆ ಇದೆ, ತೋಟ ನೋಡಬೇಕು, ಆ ಸೀಮೆಯದೇ ಊಟ ಉಣ್ಣಬೇಕು, ಸಂಜೆಗೆ ಒಂದು ಯಕ್ಷಗಾನದ ಆಟವೋ ಹಬ್ಬವೋ ಸಿಕ್ಕರೆ ಇನ್ನೂ ಒಳ್ಳೆಯದು ಎನ್ನುವವರಿಗೆ ಬೆಂಗಳೂರು ಕಡೆಯಿಂದ ಮೂರು ದಾರಿ: ಕೊಡಗು, ಚಿಕ್ಕಮಗಳೂರು, ಶಿರಸಿ–ಸಿದ್ದಾಪುರ–ಸಾಗರ. ಮೂರೂ ಕಡೆ ಬೇರೆ ಬೇರೆ ಕಾಲದಲ್ಲಿ ಉಳಿದು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಊರಿಗಿಂತ ಮೊದಲು ತಿಂಗಳು ಆರಿಸಿಕೊಳ್ಳಬೇಕು. ತೋಟದಲ್ಲಿ ಕೆಲಸ ನಡೆಯದ ಹೊತ್ತಿಗೆ ಹೋದರೆ ಮೂರೂ ಒಂದೇ. ಹಸಿರು, ಮಂಜು, ಹೋಮ್‌ಸ್ಟೇ ಜಗಲಿ, ಫೋಟೊ, ಅಲ್ಲಿಗೆ ಮುಗಿಯಿತು.

ಕೊಡಗಿನ ತೋಟಕ್ಕೆ ಹೂವಿನ ಕಾಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗ ಬೇಕಾದರೂ ಹೂಮಳೆ ಬೀಳಬಹುದು. ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಗಿಡದ ಗೆಣ್ಣುಗೆಣ್ಣಿಗೂ ಬಿಳಿ ಹೂ ಕಟ್ಟಿ, ಇಡೀ ಇಳಿಜಾರು ಒಮ್ಮೆಗೇ ಬೆಳ್ಳಗಾಗುತ್ತದೆ. ವಾಸನೆ ಥೇಟ್ ಮಲ್ಲಿಗೆಯದು. ಆದರೆ ಇದು ಎರಡು-ಮೂರು ದಿನದ ಮಾತು, ಆಮೇಲೆ ಹೂ ಕಂದಿ ಉದುರುತ್ತದೆ. ಹಾಗಾಗಿ ‘ಮಾರ್ಚ್ ಎರಡನೇ ವಾರ’ ಎಂದು ತಿಂಗಳ ಮುಂಚೆ ಕೋಣೆ ಕಾದಿರಿಸಿದವರು ಬಹುಪಾಲು ಮೊಗ್ಗು ನೋಡಿ ಬರುತ್ತಾರೆ, ಇಲ್ಲವೇ ಕಂದಿದ ಹೂವು. ರೊಬಸ್ಟಾ ಕಾಫಿ ಬೆಳೆಗಾರರಲ್ಲಿ ಹಲವರು ಈಗ ಮಳೆಗೆ ಕಾಯುವುದಿಲ್ಲ, ಕೆರೆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಿ ಹೂ ಬಿಡಿಸುತ್ತಾರೆ. ಅದಕ್ಕೇ ರಸ್ತೆಯ ಈ ಬದಿ ಹೂವು, ಆ ಬದಿ ಬರೀ ಎಲೆ. ಫೋನ್ ಮಾಡಿದಾಗ ‘ಹೂ ಯಾವಾಗ?’ ಎನ್ನುವ ಬದಲು ‘ನೀರು ಕೊಟ್ಟು ಎಷ್ಟು ದಿನ ಆಯ್ತು? ಮಳೆ ಎಷ್ಟು ಸೆಂಟ್ ಬಿತ್ತು?’ ಎಂದು ಕೇಳಿ. ಅಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು-ಸೆಂಟಿನಲ್ಲೇ, ನೂರು ಸೆಂಟ್‌ಗೆ ಒಂದು ಇಂಚು. ಒಂದು ಇಂಚಿನಷ್ಟು ಬಿದ್ದರೆ ಹೂ ತುಂಬಿ ಬಿಡುತ್ತದೆ. ಬರೀ ಇಪ್ಪತ್ತು-ಮೂವತ್ತು ಸೆಂಟ್ ಆದರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆ. ಹೂ ಬಿಟ್ಟ ತೋಟದಲ್ಲಿ ಗಿಡ ಅಲುಗಾಡಿಸಿ ಫೋಟೊ ತೆಗೆಯುವುದು ಬೇಡ, ಮುಂದಿನ ವರ್ಷದ ಫಸಲು ಅದೇ. ದಕ್ಷಿಣ ಕೊಡಗಿನಲ್ಲಿ ತೋಟದೊಳಗೇ ಆನೆ ಇರುತ್ತದೆ. ಮುಂಜಾನೆ, ಮುಸ್ಸಂಜೆ ಮನೆಯವರಿಲ್ಲದೆ ಕಾಲಿಡಬೇಡಿ.

ಮಾಂಸ ತಿನ್ನುವವರಿಗೆ ಊಟದಲ್ಲಿ ಕೊಡಗಿಗೆ ಎದುರಿಲ್ಲ. ಪಂದಿ (ಹಂದಿ) ಕರಿ ಅಸಲಿಯೋ ಅಲ್ಲವೋ ಎಂದು ಬಣ್ಣದಲ್ಲೇ ಗೊತ್ತಾಗುತ್ತದೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡಿರಬೇಕು, ತುಂಡಿನಲ್ಲಿ ಕೊಬ್ಬು ಇರಬೇಕು, ಇಳಿಸುವ ಮುಂಚೆ ಕಚ್ಚಂಪುಳಿ ಬಿದ್ದಿರಬೇಕು. ಕಚ್ಚಂಪುಳಿ ಎಂದರೆ ಉಪ್ಪಾಗೆ ಜಾತಿಯ ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಳಿಸಿದ ಕಪ್ಪು ದ್ರವ. ಕೆಲವು ಹೋಟೆಲುಗಳು ಅದರ ಬದಲು ಹುಣಸೆಯನ್ನೋ ನಿಂಬೆಯನ್ನೋ ಹಾಕುತ್ತವೆ. ಆಗ ಸಾರು ಕೆಂಪು-ಕಂದು, ಹುಳಿ ನಾಲಗೆಯ ತುದಿಯಲ್ಲೇ ನಿಲ್ಲುತ್ತದೆ. ಜೊತೆಗೆ ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು) ಕೇಳಿ, ಅನ್ನ ಬೇಡ. ಸಸ್ಯಾಹಾರಿಗಳಿಗೆ ಮಳೆಗಾಲವೇ ಸರಿ: ಬೈಂಬಳೆ (ಕಳಲೆ) ಕರಿ, ಕುಮ್ಮು (ಅಣಬೆ) ಕರಿ, ಅಕ್ಕಿತರಿ-ತೆಂಗಿನಕಾಯಿಯ ಪಾಪುಟ್ಟು. ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ಮಾಸದ ಹದಿನೆಂಟನೇ ದಿನ, ಮದ್ದುಸೊಪ್ಪಿನ ಕಡುನೇರಳೆ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾಗಿ ಹೋದರೆ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ.

ಸಂಸ್ಕೃತಿಯ ವಿಷಯದಲ್ಲಿ ಮಾತ್ರ ಕೊಡಗು ಹೊರಗಿನವರಿಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಐನ್‌ಮನೆ (ಮೂಲಮನೆ) ಕುಟುಂಬದ ಸ್ವತ್ತು, ಸುಗ್ಗಿಯ ಹಬ್ಬ ಪುತ್ತರಿಯ ಕದಿರು ತೆಗೆಯುವುದೂ ಮನೆಮನೆಯ ಆಚರಣೆ. ಕರೆದರೆ ಹೋಗಬೇಕು, ಕರೆಸಿಕೊಳ್ಳಬಾರದು. ಎಲ್ಲರೂ ನೋಡಬಹುದಾದದ್ದು ಪುತ್ತರಿ ಮುಗಿದ ಮೇಲೆ ಊರಿನ ಬಯಲುಗಳಾದ ಮಂದ್‌ಗಳಲ್ಲಿ ನಡೆಯುವ ಕೋಲಾಟ, ವಿಜಯದಶಮಿ ರಾತ್ರಿ ಮಡಿಕೇರಿಯ ದಶಮಂಟಪ ಮೆರವಣಿಗೆ, ಮತ್ತೆ ಬೇಸಿಗೆಯ ಕೌಟುಂಬಿಕ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರು ಮಾಡಿದ ಈ ಹಬ್ಬವನ್ನು ವರ್ಷಕ್ಕೊಂದು ಕುಟುಂಬ ನಡೆಸುತ್ತದೆ. ಅಬ್ಬಿ ಜಲಪಾತದ ನೂಕುನುಗ್ಗಲಿಗಿಂತ ಒಂದು ಮಧ್ಯಾಹ್ನ ಆ ಮೈದಾನದಲ್ಲಿ ಕೂತರೆ ಕೊಡಗು ಹೆಚ್ಚು ಅರ್ಥವಾಗುತ್ತದೆ.

ಚಿಕ್ಕಮಗಳೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಲೂರು, ಹಳೇಬೀಡು, ಬೆಳವಾಡಿ ನೋಡಬೇಕಾದವರಿಗೆ ಇದೇ ಸರಿಯಾದ ಠಾಣ್ಯ. ಬೇಲೂರು ಇಲ್ಲಿಂದ ಸುಮಾರು 25 ಕಿ.ಮೀ. ಅಷ್ಟೇ. ಅರೇಬಿಕಾ ಕಾಫಿ ಹಣ್ಣು ಬಿಡಿಸುವುದನ್ನು ನೋಡಲು ನವೆಂಬರ್–ಜನವರಿ ಚೆನ್ನ. ಮುಳ್ಳಯ್ಯನಗಿರಿಗೆ ಮಾತ್ರ ಶನಿವಾರ-ಭಾನುವಾರ ಹೋಗಬೇಡಿ, ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ಊಟ ಹೋಮ್‌ಸ್ಟೇಯಲ್ಲಾದರೆ ಅಕ್ಕಿರೊಟ್ಟಿ, ಕಡುಬು, ಕೋಳಿಸಾರು ಚೆನ್ನಾಗಿರುತ್ತದೆ. ಪೇಟೆಯಲ್ಲಿ ಸಿಗುವುದು ಎಲ್ಲೆಡೆ ಸಿಗುವುದೇ.

ಇನ್ನು ಶಿರಸಿ ಸೀಮೆ. ದೂರ, ಶಿರಸಿ ಪೇಟೆಯವರೆಗೆ ರೈಲಿಲ್ಲ, ಜಾಹೀರಾತೂ ಕಡಿಮೆ. ಆದರೂ ತೋಟ, ಊಟ, ಆಟ ಮೂರೂ ಒಂದೇ ವಾರದಲ್ಲಿ ಬೇಕೆಂದರೆ ನಮ್ಮ ಓಟು ಇದಕ್ಕೇ, ಅದೂ ಜನವರಿ ಕೊನೆ–ಫೆಬ್ರವರಿಯಲ್ಲಿ. ಆಗ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಇನ್ನೂ ನಡೆಯುತ್ತಿರುತ್ತದೆ, ಆಲೆಮನೆ ಶುರುವಾಗಿರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ.

ಇಲ್ಲಿಯ ಅಡಿಕೆ ತೋಟ ಕಣಿವೆಯ ತಗ್ಗಿನಲ್ಲಿ, ಅದಕ್ಕೆ ಸೊಪ್ಪು ಕೊಡುವ ಬೆಟ್ಟ ಮೇಲೆ. ಎರಡನ್ನೂ ತೋರಿಸಿ ಎಂದು ಕೇಳಿ. ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ, ಹೀಗೆ ಒಂದೇ ಜಾಗದಲ್ಲಿ ನಾಲ್ಕು ಬೆಳೆ. ಅಡಿಕೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟಿ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಬಿಡುವುದು ಈಗ ಅಪರೂಪವಾಗುತ್ತಿದೆ, ಹಲವು ಕಡೆ ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಬಂದಿದೆ. ಮರ ಹತ್ತುವುದನ್ನೇ ನೋಡಬೇಕಿದ್ದರೆ ಮೊದಲೇ ವಿಚಾರಿಸಿ. ಸಂಜೆ ಮೇಲೆ ಅಂಗಳದಲ್ಲಿ ಸುಲಿದ ಹಸಿ ಅಡಿಕೆಯನ್ನು ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಹಾಕಿದ ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಸುಲಿದರೆ ಚಾಲಿ. ಚೊಗರು ಬಟ್ಟೆಗೆ ತಾಗಿದರೆ ಕಲೆ ಹೋಗುವುದೇ ಇಲ್ಲ, ಬಿಳಿ ಅಂಗಿ ಬೇಡ.

ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದು ಹೊರಟುಬಿಡಬೇಡಿ, ತೊಡೆದೇವು ಮಾಡುವ ತನಕ ಇರಿ. ಒಲೆಯ ಮೇಲೆ ಗಡಿಗೆಯನ್ನು ಬೋರಲು ಹಾಕಿ, ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಲ್ಲಿ ತೆಳ್ಳಗೆ ಕಲಸಿದ ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಗಡಿಗೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಕೆಲವೇ ಕ್ಷಣಕ್ಕೆ ಅಂಚು ಏಳುತ್ತದೆ. ಅಷ್ಟರಲ್ಲಿ ತುಪ್ಪ, ಬೆಲ್ಲದ ಪುಡಿ ಹಾಕಿ ಮಡಚಿಬಿಡಬೇಕು, ತಡವಾದರೆ ಮಡಚುವಾಗ ಒಡೆದು ಪುಡಿಯಾಗುತ್ತದೆ. ಹಿಟ್ಟು ದಪ್ಪವಾದರೆ ಏಳುವುದಿಲ್ಲ, ಉರಿ ಹೆಚ್ಚಾದರೆ ಸೀಯುತ್ತದೆ. ಊಟದಲ್ಲಿ ತಂಬುಳಿ, ಮೊಸರು ಬೆರೆಸಿದ ‘ಹಸಿ’, ಪತ್ರೊಡೆ, ಕೊನೆಗೆ ಲೋಟದಲ್ಲಿ ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ. ಅಪ್ಪೆಹುಳಿ ಕುಡಿದ ಮೇಲೆ ಕಾರು ಓಡಿಸುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ನಿದ್ದೆ ಗ್ಯಾರಂಟಿ. ಹವ್ಯಕ ಬ್ರಾಹ್ಮಣರ ಮನೆಯಲ್ಲಿ ಮಾಂಸ-ಮೀನು ಇಲ್ಲ. ಬೇಕಾದವರು ಪೇಟೆಗೆ ಬರಬೇಕು.

ಆಟದ ಮಾತು: ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಮೇಳಗಳು ನವೆಂಬರ್–ಡಿಸೆಂಬರ್‌ನಿಂದ ಮೇ ತನಕ. ಬೆಳಗಿನವರೆಗೆ ನಡೆಯುವ ಆಟಕ್ಕೆ ಒಂದು ಚಾದರ, ಟೊಪ್ಪಿ ಇರಲಿ, ಮಧ್ಯರಾತ್ರಿ ಮೇಲೆ ಇಬ್ಬನಿ ಜೋರು. ಮಕ್ಕಳಿದ್ದರೆ ಕಾಲಮಿತಿ ಪ್ರದರ್ಶನ ಹುಡುಕಿ, ಮೂರು-ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನಾಟಕ ಸಂಸ್ಥೆ ನೀನಾಸಂ ಇದೆ. ಬನವಾಸಿಯ ಮಧುಕೇಶ್ವರಕ್ಕೆ ಶಿರಸಿಯಿಂದ ಅರ್ಧ ದಿನ ಸಾಕು. ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ ಮಳೆಗಾಲದಲ್ಲಿ ನೀರಿನಡಿ, ಚಳಿಗಾಲ-ಬೇಸಿಗೆಯಲ್ಲೇ ಕಾಣುವುದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಕೋಣೆ ಸಿಗುವುದು ಕಷ್ಟ. ಜಾತ್ರೆಗೆಂದೇ ಹೋಗುವುದಾದರೆ ಸಿದ್ದಾಪುರದಲ್ಲಿ ಉಳಿಯಿರಿ.

ಶಿರಸಿ ಸೀಮೆಯ ಒಂದು ತೊಡಕು ಮಾತ್ರ ಗಂಭೀರ. ಡಿಸೆಂಬರ್‌ನಿಂದ ಮೇ ತನಕ ಕಾಡಿನ ಉಣ್ಣೆ ಕಚ್ಚಿ ಹರಡುವ ಮಂಗನಕಾಯಿಲೆಯ ಕಾಲ, ಮತ್ತು ಸಿದ್ದಾಪುರ, ಸಾಗರ ಎರಡೂ ಅದು ಕಾಣಿಸಿಕೊಳ್ಳುವ ತಾಲ್ಲೂಕುಗಳೇ. ಬೆಟ್ಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಉಣ್ಣೆ ತಾಗದಂತೆ ಡೇಪಾ ಎಣ್ಣೆ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆ ಒಗೆಯಲು ಹಾಕಿ. ಒಣ ಎಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಮನೆಗೆ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದೆ ಎಂದು ಮೊದಲು ಹೇಳಿ. ಮಳೆಗಾಲದ ಉಂಬಳ (ನೆಲದ ಜಿಗಣೆ) ಇದರ ಮುಂದೆ ಏನೂ ಅಲ್ಲ. ಉಪ್ಪು ತಾಗಿಸಿದರೆ ಬಿಡುತ್ತದೆ, ಕಿತ್ತು ಎಳೆದರೆ ತುರಿಕೆ ವಾರಗಟ್ಟಲೆ.

ದಾರಿ: ಬೆಂಗಳೂರಿನಿಂದ ಮಡಿಕೇರಿ ಸುಮಾರು 260 ಕಿ.ಮೀ., ಚಿಕ್ಕಮಗಳೂರು 245, ಶಿರಸಿ 400ರ ಆಸುಪಾಸು. ಕೊಡಗಿಗೆ ರೈಲೇ ಇಲ್ಲ, ಮೈಸೂರಿಗೆ ಇಳಿದು ಬಸ್ಸು. ಚಿಕ್ಕಮಗಳೂರಿಗೆ 2013ರಿಂದ ರೈಲಿದೆ. ಶಿರಸಿ ಸೀಮೆಗೆ ರಾತ್ರಿ ರೈಲಿನಲ್ಲಿ ಹೊರಟು ಸಾಗರದಲ್ಲೋ ಕೊನೆಯ ನಿಲ್ದಾಣ ತಾಳಗುಪ್ಪದಲ್ಲೋ ಇಳಿಯುವುದು ಮೇಲು. ಮೊದಲ ದಿನ ಹೆಗ್ಗೋಡು, ಇಕ್ಕೇರಿ ಮುಗಿಸಿ ಸಿದ್ದಾಪುರಕ್ಕೆ ಬಂದರೆ ಹಿಂದೆ-ಮುಂದೆ ಓಡಾಟ ತಪ್ಪುತ್ತದೆ. ಎರಡೇ ದಿನ ಇರುವವರು ಶಿರಸಿ ಬಿಟ್ಟು ಕೊಡಗಿಗೆ ಹೋಗಲಿ.

ತರುವುದಕ್ಕೆ: ಕೊಡಗಿನಿಂದ ಕಾಳುಮೆಣಸು, ಮನೆಯಲ್ಲಿ ಮಾಡಿದ ಕಚ್ಚಂಪುಳಿ (ಬಾಟಲಿ ಓರೆ ಮಾಡಿದಾಗ ನೀರಿನಂತೆ ಹರಿದರೆ ಬೇಡ). ಶಿರಸಿಯಿಂದ ಅಪ್ಪೆಮಿಡಿ (ಘಮದ ಮಾವಿನಮಿಡಿ) ಉಪ್ಪಿನಕಾಯಿ, ದ್ರವರೂಪದ ಜೋನಿಬೆಲ್ಲ. ಜೋನಿಬೆಲ್ಲದ ಡಬ್ಬಿಯನ್ನು ಕುತ್ತಿಗೆತನಕ ತುಂಬಿಸಬೇಡಿ, ಬಿಸಿಲಿಗೆ ಉಕ್ಕಿ ಚೀಲವೆಲ್ಲ ಅಂಟಾಗುತ್ತದೆ.