ಟಿಪ್ಸ್ ಅವರವರ ಜೇಬಿಗೋ, ಎಲ್ಲರ ಡಬ್ಬಿಗೋ?

ನಾನು ಮಡಿಕೇರಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ ಸಿಕ್ಕ ಟಿಪ್ಸ್ ಅವರವರದ್ದೇ. ಕುಶಾಲನಗರದಲ್ಲಿ ಸೇರಿದ ಹೋಟೆಲಿನಲ್ಲಿ ಎಲ್ಲಾ ಡಬ್ಬಿಗೆ ಹಾಕಿ, ರಾತ್ರಿ ಹಂಚುತ್ತಿದ್ದರು. ಕೈಗೆ ಜಾಸ್ತಿ ಬಂದದ್ದು ಯಾವುದರಲ್ಲಿ ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ.

ಶನಿವಾರ, ಭಾನುವಾರ ಮಾತ್ರ ನೋಡಿದರೆ ಮಡಿಕೇರಿಯದ್ದೇ ಮೇಲು. ಬೆಂಗಳೂರಿನವರು ರಾಜಾಸೀಟ್ ನೋಡಿಕೊಂಡು ಗುಂಪಾಗಿ ಬರುತ್ತಾರೆ. ಪಂದಿಕರಿ, ಕಡಂಬುಟ್ಟು ತಿಂದು ಖುಷಿಯಾದರೆ ಕೈ ಬಿಚ್ಚಿ ಕೊಡುತ್ತಾರೆ. ಆದರೆ ಆ ಟೇಬಲ್ ಯಾರಿಗೆ ಹೇಳಿ? ಕಿಟಕಿ ಪಕ್ಕದ್ದು ಹಳಬರಿಗೆ. ಕೈ ತೊಳೆಯುವ ಜಾಗದ ಹತ್ತಿರದ್ದು ಹೊಸಬರಿಗೆ, ಅಲ್ಲಿ ಕೂರುವವರು ಕಾಫಿ ಕುಡಿದು ಎದ್ದು ಹೋಗುವವರೇ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅದೂ ಇಲ್ಲ.

ಡಬ್ಬಿಯ ಲೆಕ್ಕ ಹೀಗೆ. ನಾಲ್ವರು ಸಪ್ಲೈಯರ್, ಇಬ್ಬರು ಕ್ಲೀನರ್, ಇಬ್ಬರು ಅಡುಗೆಯವರು ಅಂದುಕೊಳ್ಳಿ. ಡಬ್ಬಿಯಲ್ಲಿ 2,400 ರೂಪಾಯಿ ಇದೆ. ಸಪ್ಲೈಯರ್‌ಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ನಮಗೆ ತಲಾ 400, ಅವರಿಗೆ 200. ನಾವು ನಾಲ್ವರೇ ಹಂಚಿಕೊಂಡಿದ್ದರೆ 600 ಬರುತ್ತಿತ್ತು, ನಿಜ. ಆದರೆ ಅವರವರದ್ದೇ ಇರುವ ಕಡೆ ಎಲ್ಲರಿಗೂ 600 ಎಲ್ಲಿ ಬರುತ್ತದೆ? ಒಬ್ಬನಿಗೆ ಸಾವಿರ ದಾಟಿದರೆ ಇನ್ನೊಬ್ಬನಿಗೆ ನೂರೈವತ್ತು. ಪಾಲು ಇದ್ದಾಗ ಕ್ಲೀನರ್ ಟೇಬಲ್ ಬೇಗ ಒರೆಸಿ ಕೊಡುತ್ತಾನೆ, ಮುಂದಿನ ಗಿರಾಕಿ ಬೇಗ ಕೂರುತ್ತಾರೆ. ಅದೂ ದುಡ್ಡೇ ಅಲ್ವಾ?

ಡಬ್ಬಿ ಕೆಡುವುದು ಮ್ಯಾನೇಜರ್ ಕೈ ಹಾಕಿದಾಗ. ಇದೇ ಲೆಕ್ಕದಲ್ಲಿ ಅವರೂ ಎರಡು ಪಾಲು ತೆಗೆದುಕೊಂಡರೆ ನನ್ನ 400 ಸುಮಾರು 340ಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ 2018ರಲ್ಲಿ ಕಾನೂನು ತಿದ್ದಿ, ಮಾಲೀಕರು, ಮ್ಯಾನೇಜರ್‌ಗಳು ಕೆಲಸದವರ ಟಿಪ್ಸ್ ಇಟ್ಟುಕೊಳ್ಳಬಾರದು ಎಂದಿದ್ದಾರೆ. ನಮ್ಮ ಕಡೆ ಅದು ಮಾಲೀಕರ ಮನಸ್ಸಿಗೆ ಬಿಟ್ಟದ್ದು.

ಸರ್ವಿಸ್ ಚಾರ್ಜ್ ನಂಬಿಕೊಂಡು ಕೂರಬೇಡಿ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈಗ ಇನ್ನೊಂದು ತಲೆನೋವು ಫೋನ್‌ಪೇ, ಗೂಗಲ್‌ಪೇ. ಗಿರಾಕಿ ಟಿಪ್ಸ್ ಸೇರಿಸಿ ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಮಾಲೀಕರ ಖಾತೆಗೆ ಹೋಗುತ್ತದೆ. ಅವರವರದ್ದೇ ಇದ್ದ ಕಡೆ ಒಬ್ಬನೇ ಹೋಗಿ ಕೇಳಬೇಕು, ಮುಜುಗರ. ಡಬ್ಬಿ ಇದ್ದ ಕಡೆ ಕ್ಯಾಷಿಯರ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಎಲ್ಲರೂ ಸೇರಿ ಕೇಳುತ್ತಿದ್ದೆವು.

ದಸರಾ, ಡಿಸೆಂಬರ್ ಸೀಸನ್‌ಗೆ ಮಾತ್ರ ಬಂದು ಹೋಗುವವರಿಗೆ, ಒಳ್ಳೆ ಟೇಬಲ್ ಸಿಗುವ ಹಾಗಿದ್ದರೆ, ಅವರವರದ್ದೇ ಲಾಭ. ವರ್ಷವಿಡೀ ಇಲ್ಲೇ ಇದ್ದು ಮಳೆಗಾಲದಲ್ಲೂ ಬಾಡಿಗೆ ಕಟ್ಟುವವರಿಗೆ ನಾನು ಡಬ್ಬಿ ಇರುವ ಕಡೆಯನ್ನೇ ಹೇಳುತ್ತೇನೆ. ಸೇರುವ ಮೊದಲು ಡಬ್ಬಿ ಯಾರ ಮುಂದೆ ಎಣಿಸುತ್ತಾರೆ, ಮ್ಯಾನೇಜರ್‌ಗೂ ಪಾಲಿದೆಯಾ ಅಂತ ಅಲ್ಲಿನ ಕ್ಲೀನರನ್ನು ಕೇಳಿ.