ಎನ್‌ಜಿಕೆ ಸಿಎಂ-6: ಸಿಗುವತನಕ ಸಿಟ್ಟು, ಸಿಕ್ಕ ಮೇಲೆ ನೆಮ್ಮದಿ

ಡಿಎಲ್‌ಇ-20ರಂಥ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿ ಮಾಡೆಲ್ ವಿಮಾನ ಹಾರಿಸುವವರಿಗೆ ಎನ್‌ಜಿಕೆ ಕಂಪನಿಯ ಈ ಸ್ಪಾರ್ಕ್ ಪ್ಲಗ್ಗಿನ ಪರಿಚಯ ಮಾಡಿಕೊಡಬೇಕಿಲ್ಲ. ಎಂಜಿನ್ನಿನ ಮ್ಯಾನ್ಯುಯಲ್ಲಿನಲ್ಲೇ ಸಿಎಂ-6 ಎಂದಿದೆ, ಗ್ಯಾಪ್ (ಕಿಡಿ ಹಾರುವ ಎರಡು ಎಲೆಕ್ಟ್ರೋಡುಗಳ ನಡುವಿನ ಅಂತರ) ಎಷ್ಟಿರಬೇಕೆಂದೂ ಇದೆ. ವರ್ಷಗಟ್ಟಲೆ ಇದನ್ನೇ ಬಳಸಿದ ಮೇಲೆ ಉಳಿದಿರುವ ದೊಡ್ಡ ತಕರಾರು ಒಂದೇ, ಅದೂ ಪ್ಲಗ್ಗಿನ ಗುಣದ್ದಲ್ಲ. ಅಂಗಡಿಯಲ್ಲಿ ಸಿಎಂ-6 ಕೇಳಿದರೆ ಬೇರೆ ಯಾವುದನ್ನೋ ಕೈಗಿಟ್ಟು "ಅದೇ ಸಾರ್ ಇದು, ಹತ್ತು ಎಂಎಂ, ಕೂತ್ಕೊಳತ್ತೆ" ಅಂತಾರೆ.

ಕೂತುಕೊಳ್ಳುತ್ತದೆ ಅನ್ನುವುದೇನೋ ನಿಜ. ಅಪಾಯ ಇರುವುದೂ ಅಲ್ಲೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಬೈಕಿನ ಸಿಆರ್7ಎಚ್‌ಎಸ್‌ಎ ಪ್ಲಗ್ಗಿಗೂ 10 ಮಿ.ಮೀ. ಥ್ರೆಡ್ಡೇ. ಮಲೆನಾಡಿನಲ್ಲಿ ಕಳೆ ಹೊಡೆಯುವ ಮಷೀನಿನ ಅಂಗಡಿಗೆ ಹೋದರೆ ಸಿಎಂಆರ್5ಎಚ್ ಅಥವಾ ಸಿಎಂಆರ್6ಎಚ್ ಸಿಗುತ್ತದೆ, ಹೋಂಡಾ ಜಿಎಕ್ಸ್35 ಬ್ರಷ್ ಕಟರಿಗೆ ಹಾಕುವುದು ಈ ಮೊದಲನೆಯದನ್ನೇ. ಅವಕ್ಕೂ 10 ಮಿ.ಮೀ. ಥ್ರೆಡ್ಡು. ಬೆರಳಲ್ಲಿ ತಿರುಗಿಸಿದರೆ ಎಲ್ಲವೂ ಎಂಜಿನ್ನಿನ ಸಿಲಿಂಡರ್ ಹೆಡ್ಡಿನೊಳಗೆ ಸಲೀಸಾಗಿ ಇಳಿಯುತ್ತವೆ. ಆದರೆ ಹೆಸರಿನ ಆ "ಎಚ್" ಅಕ್ಷರ ಥ್ರೆಡ್ಡಿನ ಉದ್ದ ಹೇಳುತ್ತದೆ: 12.7 ಮಿ.ಮೀ. ಸಿಎಂ-6ರ ಥ್ರೆಡ್ ಅದಕ್ಕಿಂತ ಮೂರ್ನಾಲ್ಕು ಮಿ.ಮೀ. ಗಿಡ್ಡ. 20 ಸಿಸಿ ಎಂಜಿನ್ನಿನ ಪುಟ್ಟ ಕಂಬಶ್ಚನ್ ಚೇಂಬರಿನಲ್ಲಿ ಮೂರು ಮಿ.ಮೀ. ಅಂದರೆ ಸಣ್ಣ ವಿಷಯವಲ್ಲ.

ಉದ್ದದ ಪ್ಲಗ್ ಹಾಕಿದರೆ ಏನಾಗುತ್ತದೆ? ಅದೃಷ್ಟ ಕೆಟ್ಟಿದ್ದರೆ ಪಿಸ್ಟನ್ ಮೇಲೆ ಬಂದಾಗ ಎಲೆಕ್ಟ್ರೋಡಿಗೆ ತಾಗುತ್ತದೆ, ಗ್ಯಾಪ್ ಮುಚ್ಚಿ ಎಂಜಿನ್ ನಿಲ್ಲುತ್ತದೆ, ಪಿಸ್ಟನ್ ತಲೆಯ ಮೇಲೆ ಗುರುತು ಬೀಳುತ್ತದೆ. ತಾಗದಿದ್ದರೂ ಬಚಾವಾದೆವು ಎಂದುಕೊಳ್ಳಬೇಡಿ. ಚೇಂಬರಿನೊಳಗೆ ಇಣುಕುವ ಥ್ರೆಡ್ಡಿನ ಅಂಚುಗಳು ವಿಪರೀತ ಕಾಯುತ್ತವೆ. ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹತ್ತಬಹುದು. ಜೊತೆಗೆ ಆ ಸುತ್ತುಗಳಲ್ಲಿ ಕಾರ್ಬನ್ ಗಟ್ಟಿಯಾಗಿ ಕೂರುತ್ತದೆ. ಮುಂದೆ ಪ್ಲಗ್ ಬಿಚ್ಚುವಾಗ ಆ ಕಾರ್ಬನ್ನು ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್ಡನ್ನೇ ಕೆರೆದುಕೊಂಡು ಬರುತ್ತದೆ. ಕೆಲವರು ಎರಡು ವಾಷರ್ ಹಾಕಿ ಎತ್ತರ ಸರಿಮಾಡುತ್ತಾರೆ. ದಯವಿಟ್ಟು ಬೇಡ. ಪ್ಲಗ್ಗಿನ ಶಾಖ ಹೆಡ್ಡಿಗೆ ಇಳಿಯುವುದೇ ಆ ವಾಷರ್ ಮತ್ತು ಥ್ರೆಡ್ಡಿನ ಮೂಲಕ. ಪದರ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು, ತಂಪಾಗುವ ದಾರಿ ಕಡಿಮೆ.

ಸಿಎಂಆರ್6ಎಚ್‌ನಲ್ಲಿ ಇನ್ನೊಂದು ತೊಡಕಿದೆ. ಅದರ ಷಟ್ಕೋನ 16 ಮಿ.ಮೀ., ಸಿಎಂ-6ರದು 14. ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ನಮ್ಮ ಸಿಡಿಐ ಇಗ್ನಿಷನ್ನಿನ ಕ್ಯಾಪ್ 14ರ ಮೇಲೆ ಬಿಗಿಯಾಗಿ ಕೂರಬೇಕು, ಯಾಕೆಂದರೆ ಗ್ರೌಂಡ್ ಸಿಗುವುದು ಅಲ್ಲಿಂದಲೇ. ಹೈಟೆನ್ಷನ್ ವೈರಿನ ಮೇಲಿನ ತಂತಿ ಜಾಲರಿ ಕ್ಯಾಪಿನ ಲೋಹದ ಅಂಚಿಗೆ ಸೇರಿ, ಅಂಚು ಪ್ಲಗ್ಗಿನ ಮೈಯನ್ನು ಕಚ್ಚಿ ಹಿಡಿದಿರಬೇಕು. ಅದು ಸಡಿಲವಾದರೆ ಸರ್ವೋಗಳು (ರೆಕ್ಕೆ-ಬಾಲದ ಫಲಕಗಳನ್ನು ಆಡಿಸುವ ಪುಟ್ಟ ಮೋಟಾರುಗಳು) ನಡುಗುತ್ತವೆ, ಎಂಜಿನ್ ಅಲ್ಲಲ್ಲಿ ಮಿಸ್ ಹೊಡೆಯುತ್ತದೆ, ಜನ ರೇಡಿಯೋವನ್ನು ಬೈಯುತ್ತಾರೆ. ಕ್ಯಾಪನ್ನು ಪ್ಲಗ್ಗಿಗೆ ಸಿಕ್ಕಿಸದೆ, ಗ್ರೌಂಡ್ ಇಲ್ಲದೆ ಇಗ್ನಿಷನ್ ಆನ್ ಮಾಡಿ ಪ್ರೊಪೆಲ್ಲರ್ ತಿರುಗಿಸಲೇಬಾರದು. ಹೋಗಲು ದಾರಿಯಿಲ್ಲದ ವೋಲ್ಟೇಜು ಕಾಯಿಲಿನೊಳಗೇ ಸಿಡಿದು ಇಡೀ ಮಾಡ್ಯೂಲ್ ಹಾಳಾಗುತ್ತದೆ.

ಹಾಗಾಗಿ ಅಂಗಡಿಗೆ ಹೋಗುವಾಗ ಹಳೆಯ ಪ್ಲಗ್ಗೂ ಒಂದು ವರ್ನಿಯರೂ ಜೇಬಿನಲ್ಲಿರಲಿ. ಅಳೆಯಬೇಕಾದ್ದು ಮೂರು: ಥ್ರೆಡ್ಡಿನ ಹೊರವ್ಯಾಸ, ವಾಷರಿನ ತಳದಿಂದ ಥ್ರೆಡ್ಡಿನ ಕೊನೆವರೆಗಿನ ಉದ್ದ, ಷಟ್ಕೋನದ ಅಗಲ. ಹಳೆಯದೂ ತಪ್ಪು ಪ್ಲಗ್ಗಾಗಿದ್ದರೆ ಎಂಬ ಅನುಮಾನವಿದ್ದರೆ ವರ್ನಿಯರಿನ ಬಾಲದ ಕಡ್ಡಿಯಿಂದ ಹೆಡ್ಡಿನ ತೂತಿನ ಆಳವನ್ನೇ ನೋಡಿ. ಹೆಸರಿನ ಅಂಕಿ ಶಾಖದ ಮಟ್ಟದ್ದು: ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಂಪು (ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ), ಬಾಶ್ ಮತ್ತು ಚಾಂಪಿಯನ್‌ನಲ್ಲಿ ತಿರುಗುಮುರುಗು. "ಆರ್" ಇದ್ದರೆ ಒಳಗೆ ರೆಸಿಸ್ಟರ್ ಇದೆ.

ಗ್ಲೋ ಎಂಜಿನ್ನನ್ನು (ಕಿಡಿಯಿಲ್ಲದೆ, ಕಾದ ತಂತಿಯ ಪ್ಲಗ್ಗಿನಿಂದ ಮೆಥನಾಲ್ ಇಂಧನ ಉರಿಸುವಂಥದ್ದು) ಪೆಟ್ರೋಲಿಗೆ ತಿರುಗಿಸಿಕೊಂಡವರ ಲೆಕ್ಕವೇ ಬೇರೆ. ಗ್ಲೋ ಪ್ಲಗ್ಗಿನ 1/4-32 (ಕಾಲು ಇಂಚು ವ್ಯಾಸ, ಇಂಚಿಗೆ 32 ಸುತ್ತು) ಥ್ರೆಡ್ಡಿಗೆ ಎಂಇ-8 ಎಂಬ ಪುಟಾಣಿ ಪ್ಲಗ್ ಬೇಕು. ಕ್ಯಾಪೂ ಅದರದ್ದೇ ಅಳತೆಯದು.

ಇನ್ನು ನಕಲಿಯ ಕಾಟ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ಬಂದ ಪ್ಲಗ್ಗಿನ ವಾಷರ್ ಉಗುರು ಹಾಕಿದರೆ ಕಳಚಿ ಕೈಗೆ ಬಂತು. ಅಸಲಿಯಲ್ಲಿ ವಾಷರ್ ಸುತ್ತುತ್ತದೆ, ಕಳಚುವುದಿಲ್ಲ. ಪಿಂಗಾಣಿಯ ಮೇಲಿನ ಅಕ್ಷರದ ಅಂಚು ಕದಡಿದ್ದರೆ, ಪಕ್ಕದ ಎಲೆಕ್ಟ್ರೋಡು ನಡುವಿನದರ ನೇರಕ್ಕೆ ಇಲ್ಲದೆ ಓರೆಯಾಗಿದ್ದರೆ ಹಿಂದಕ್ಕೆ ಕಳಿಸಿ. ಮಲ್ಟಿಮೀಟರ್ ಇದ್ದರೆ ಮೇಲಿನ ತುದಿಯಿಂದ ನಡುವಿನ ಎಲೆಕ್ಟ್ರೋಡಿಗೆ ಅಳೆಯಿರಿ: ಸಿಎಂ-6ರಲ್ಲಿ ರೆಸಿಸ್ಟರ್ ಇಲ್ಲದ್ದರಿಂದ ಸೊನ್ನೆಯ ಹತ್ತಿರ ಬರಬೇಕು, "ಆರ್" ಪ್ಲಗ್ಗಿನಲ್ಲಿ ಕೆಲವು ಸಾವಿರ ಓಮ್. ಮೇಲಿನ ತುದಿಯಿಂದ ಲೋಹದ ಮೈಗೆ ಏನೂ ತೋರಿಸಬಾರದು. ತೋರಿಸಿದರೆ ಪಿಂಗಾಣಿ ಬಿರುಕು ಬಿಟ್ಟಿದೆ ಅಥವಾ ಕಾರ್ಬನ್ ಹಾದಿ ಮಾಡಿಕೊಂಡಿದೆ.

ಇಷ್ಟೆಲ್ಲ ಪರದಾಟದ ನಂತರ ಅಸಲಿ ಸಿಎಂ-6 ಒಮ್ಮೆ ಹೆಡ್ಡಿನಲ್ಲಿ ಕೂತಿತೆಂದರೆ ಸಿಟ್ಟು ಇಳಿಯುತ್ತದೆ. ಚೌಕಾಬಾರ ಚೌಕಟ್ಟಿನಷ್ಟು ಸರಳ ವಸ್ತು, ಆದರೂ ಎಂಜಿನ್ನಿನ ಆರೋಗ್ಯವನ್ನು ಇದರಷ್ಟು ಪ್ರಾಮಾಣಿಕವಾಗಿ ಹೇಳುವ ಭಾಗ ಇನ್ನೊಂದಿಲ್ಲ. ಹಾರಾಟ ಮುಗಿದ ಸಂಜೆ ಇದನ್ನು ಬಿಚ್ಚಿ ನೋಡುವುದು ಈ ಹವ್ಯಾಸದಲ್ಲಿ ನನಗೆ ತುಂಬ ಇಷ್ಟದ ಕೆಲಸ.

ಎಂಜಿನ್ ಪೂರ್ತಿ ಆರಬೇಕು, ಬಿಸಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಥ್ರೆಡ್ ಬಹಳ ಬೇಗ ಕೆಡುತ್ತದೆ. ವೈರ್ ಎಳೆಯದೆ ಕ್ಯಾಪನ್ನೇ ಹಿಡಿದು ತುಸು ಅತ್ತಿತ್ತ ತಿರುವಿ ಮೇಲೆತ್ತುವುದು. ಬಿಚ್ಚುವ ಮುಂಚೆ ಪ್ಲಗ್ಗಿನ ಬುಡದ ಮಣ್ಣನ್ನು ರಬ್ಬರ್ ಬ್ಲೋವರಿನಿಂದ ಊದಬೇಕು; ಇಲ್ಲವಾದರೆ ರನ್‌ವೇ ಮರಳು ನೇರ ಸಿಲಿಂಡರಿಗೆ. 14ರ ಉದ್ದ ಸಾಕೆಟ್ಟು, ಚಿಕ್ಕ ಟಿ-ಹಿಡಿ, ಅಷ್ಟೇ ಸಾಕು. ಉದ್ದ ರ‍್ಯಾಚೆಟ್ಟಿನಲ್ಲಿ ಕೈಗೆ ಬಿಗಿ ಗೊತ್ತಾಗುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಪಿಂಗಾಣಿಯ ಮೂಗು ನೋಡುವುದು. ಹದವಾಗಿ ಕುದಿಸಿದ ಕಾಫಿಯ ಬಣ್ಣವಿದ್ದರೆ ಸರಿ. ಒದ್ದೆ ಕಪ್ಪಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಎಣ್ಣೆ ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿ ಸಣ್ಣ ಗುಳ್ಳೆ ಎದ್ದಿದ್ದರೆ ಹೈ-ನೀಡಲ್ (ಹೆಚ್ಚು ವೇಗದಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಕಾರ್ಬ್ಯುರೇಟರ್ ತಿರುಪು) ತೀರಾ ಬಿಗಿ, ಅದನ್ನು ತೆರೆಯದೆ ಮತ್ತೆ ಹಾರಿಸಬೇಡಿ.

ಇಲ್ಲಿ ಒಂದು ಎಚ್ಚರ: ಇಳಿದ ಮೇಲೆ ಐಡಲ್‌ನಲ್ಲಿ ಟ್ಯಾಕ್ಸಿ ಮಾಡಿಸಿದ ಪ್ಲಗ್ ಕಪ್ಪಾಗಿಯೇ ಕಾಣುತ್ತದೆ, ಅದು ಲೋ-ನೀಡಲಿನ (ಕಡಿಮೆ ವೇಗದ ತಿರುಪಿನ) ಮಾತು. ಹೈ-ನೀಡಲಿನ ಬಣ್ಣ ಬೇಕಾದರೆ ವಿಮಾನದ ಬಾಲವನ್ನು ಗೂಟಕ್ಕೆ ಬಿಗಿದು, ಪ್ರೊಪೆಲ್ಲರಿನ ಹಿಂದೆ ನಿಂತು, ಪೂರ್ಣ ಥ್ರಾಟಲ್ಲಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಅಲ್ಲೇ ಇಗ್ನಿಷನ್ ಕಡಿಯಬೇಕು. ಈಗ ಬಂಕುಗಳಲ್ಲಿ 20% ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿರುವುದರಿಂದ ಹಳೇ ನೀಡಲ್ ಸೆಟ್ಟಿಂಗಿನಲ್ಲೇ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ತಕ್ಕಷ್ಟು ಇಂಧನ ಸಾಲದು). ಪ್ಲಗ್ ಬೆಳ್ಳಗೆ ಕಂಡರೆ ತಂಪಿನ ಪ್ಲಗ್ ಹುಡುಕುವ ಮೊದಲು ನೀಡಲ್ ಸ್ವಲ್ಪ ತೆರೆಯಿರಿ. 30:1ರಲ್ಲಿ ಎಣ್ಣೆ ಬೆರೆಸಿಟ್ಟ ಹಳೇ ಪೆಟ್ರೋಲ್ ತೇವ ಹೀರಿರುತ್ತದೆ, ಅದನ್ನು ಹಾಕಿ ಪ್ಲಗ್ಗನ್ನು ದೂರಬೇಡಿ.

ತೊಳೆಯಲು ಪೆಟ್ರೋಲಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷು. ತಂತಿ ಬ್ರಷ್ ಬೇಡ. ಪಿಂಗಾಣಿಯ ಮೇಲೆ ಲೋಹದ ಗೀರು ಉಳಿದು ಕಿಡಿ ಆ ಗೀರಿನ ಮೇಲೇ ಓಡುತ್ತದೆ. ಆಮೇಲೆ ಫೀಲರ್ ಗೇಜಿನಿಂದ ಗ್ಯಾಪು: 0.45ರಿಂದ 0.5 ಮಿ.ಮೀ. ಹೊಸ ಪ್ಲಗ್ಗನ್ನೂ ಅಳೆಯದೆ ಹಾಕಬಾರದು, ಡಬ್ಬಿಯಿಂದ ಬಂದ ಗ್ಯಾಪು ನಿಮ್ಮ ಎಂಜಿನ್ನಿಗೆಂದು ಇಟ್ಟದ್ದಲ್ಲ. ಗ್ಯಾಪ್ ಅಗಲವಾದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು, ಕೈಯಲ್ಲಿ ಪ್ರೊಪೆಲ್ಲರ್ ತಟ್ಟಿ ಸ್ಟಾರ್ಟ್ ಮಾಡುವಾಗ ಮೊದಲು ತೊಂದರೆ ಕಾಣುತ್ತದೆ. ತೀರಾ ಕಿರಿದಾದರೆ ಐಡಲ್ ಒರಟು. ಬಗ್ಗಿಸುವುದು ಪಕ್ಕದ ಎಲೆಕ್ಟ್ರೋಡನ್ನು ಮಾತ್ರ. ನಡುವಿನದಕ್ಕೆ ಒತ್ತು ಕೊಟ್ಟು ಮೀಟಿದರೆ ಪಿಂಗಾಣಿ ಸೀಳುತ್ತದೆ.

ಮತ್ತೆ ಹಾಕುವಾಗ ವಾಷರ್ ತಾಗುವವರೆಗೆ ಬೆರಳಲ್ಲೇ. ಹೊಸ ಪ್ಲಗ್ಗಾದರೆ ಅಲ್ಲಿಂದ ಅರ್ಧ ಸುತ್ತು, ವಾಷರ್ ಅಪ್ಪಚ್ಚಿಯಾಗುವುದು ಕೈಗೆ ತಿಳಿಯುತ್ತದೆ. ಹಳೆಯದಾದರೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು. ಟಾರ್ಕ್ ವ್ರೆಂಚ್ ಇದ್ದವರಿಗೆ 10ರಿಂದ 12 ನ್ಯೂಟನ್-ಮೀಟರ್. ಥ್ರೆಡ್ಡಿಗೆ ಗ್ರೀಸ್ ಬೇಡ, ಜಾರಿ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತದೆ. ಷಟ್ಕೋನದ ಮೇಲಿನ ಎಣ್ಣೆ ಒರೆಸಿ ಕ್ಯಾಪನ್ನು ಟಕ್ ಅನ್ನುವವರೆಗೆ ಒತ್ತಿ.

ಬದಲಿಸುವ ಕಾಲ ಯಾವುದೆಂದು ಎಲೆಕ್ಟ್ರೋಡೇ ಹೇಳುತ್ತದೆ. ಹೊಸದರಲ್ಲಿ ನಡುವಿನ ಎಲೆಕ್ಟ್ರೋಡಿನ ಅಂಚು ಚೂಪಾಗಿರುತ್ತದೆ, ಕಿಡಿ ಸುಲಭವಾಗಿ ಹಾರುವುದು ಆ ಅಂಚಿನಿಂದ. ಅದು ಗುಂಡಗಾದರೆ ಗ್ಯಾಪ್ ಸರಿಯಿದ್ದರೂ ಸ್ಟಾರ್ಟಿಂಗ್ ತಡವಾಗುತ್ತದೆ. ಎಂಜಿನ್ ಹಠ ಹಿಡಿದಾಗ ಮೊದಲು ಇಗ್ನಿಷನ್ ಬ್ಯಾಟರಿಯ ವೋಲ್ಟೇಜ್ ನೋಡಿ, ಆಮೇಲೆ ಪ್ಲಗ್ ಬದಲಿಸಿ, ಅದಾದ ಮೇಲೆ ಕಿಡಿಯ ಸಮಯ ತಿಳಿಸುವ ಸೆನ್ಸರಿನ ವೈರು. ಕಾರ್ಬ್ಯುರೇಟರಿಗೆ ಕೈ ಹಾಕುವುದು ಕೊನೆಗೆ.

ಬೆಲೆ ಬೈಕಿನ ಪ್ಲಗ್ಗಿಗಿಂತ ಜಾಸ್ತಿ, ಕೊರಿಯರ್ ಸೇರಿದರೆ ಇನ್ನೂ ಜಾಸ್ತಿ. ನನ್ನಂತೆ ಒಂದೇ ಎಂಜಿನ್ ಇಟ್ಟುಕೊಂಡು ವಾರಾಂತ್ಯದಲ್ಲಿ ಹಾರಿಸುವವರು ಆರ್‌ಸಿ (ರೇಡಿಯೋ ಕಂಟ್ರೋಲ್) ಸಾಮಾನು ಮಾರುವವರಿಂದಲೇ ಒಂದು ಸಲಕ್ಕೆ ಎರಡು ತರಿಸಿಕೊಳ್ಳುವುದು ಲಾಭ. ಎರಡನ್ನೂ ಮನೆಯಲ್ಲೇ ಗ್ಯಾಪ್ ಮಾಡಿ, ಒಂದನ್ನು ಹೆಡ್ಡಿಗೆ ಹಾಕಿ ಇನ್ನೊಂದನ್ನು ತುದಿಗೆ ಪೆಟ್ಟಾಗದಂತೆ ಮುಚ್ಚಿ ಫೀಲ್ಡ್ ಬಾಕ್ಸಿನಲ್ಲಿಡಿ. ಬೀಳಿಸಿದ ಪ್ಲಗ್ಗನ್ನು ಮಾತ್ರ ಮೇಲೆ ಏನೂ ಕಾಣದಿದ್ದರೂ ಬಳಸಬೇಡಿ, ಬಿರುಕು ಒಳಗಿರಬಹುದು.