ವಿಮ್ ಡೀಫಾಲ್ಟ್ ಮಾಡಲು ಮೂರು ದಾರಿ, ನಾನು ಎಲ್ಲೆಡೆ ಉಳಿಸಿಕೊಂಡದ್ದು ಒಂದು

ಡೆಬಿಯನ್ ಲಿನಕ್ಸ್ ಹಾಕಿದ ಮೊದಲ ದಿನವೇ ನನ್ನ ಗಿಟ್ ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಸಂದೇಶದ ಬಾಲಕ್ಕೆ ‘ಕೋಲನ್ ಡಬ್ಲ್ಯೂ ಕ್ಯೂ’ ಅಂಟಿಕೊಂಡಿತ್ತು. ಅದು ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ ಸೇವ್ ಮಾಡಿ ಹೊರಬರುವ ಆಜ್ಞೆ. ತೆರೆದಿದ್ದು ನ್ಯಾನೊ ಎಂಬ ಇನ್ನೊಂದು ಎಡಿಟರ್, ಬೆರಳುಗಳು ಅಂದುಕೊಂಡಿದ್ದು ವಿಮ್. ವಿಮ್ ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅದು ಡೀಫಾಲ್ಟ್ ಆಗುವುದಿಲ್ಲ: ಡೆಬಿಯನ್‌ನ ಲೆಕ್ಕದಲ್ಲಿ ನ್ಯಾನೊಗೆ ಆದ್ಯತೆಯ 40 ಅಂಕ, ವಿಮ್‌ಗೆ 30.

ಮೊದಲು ಡೀಫಾಲ್ಟ್ ಪ್ರೋಗ್ರಾಂ ಆರಿಸುವ ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಆಜ್ಞೆ ಹಿಡಿದೆ. ಪಟ್ಟಿ ಬರುತ್ತದೆ, ನಂಬರ್ ಒತ್ತಿದರೆ ಮುಗಿಯಿತು. ನಿರ್ವಾಹಕರ ಅನುಮತಿ ಕೊಡುವ ಸುಡೊದ ನಿಯಮಗಳನ್ನು ತಿದ್ದುವ ವಿಸುಡೊ ಕೂಡ ವಿಮ್‌ನಲ್ಲೇ ತೆರೆಯಿತು. ಆದರೆ ಇದು ಇಡೀ ಯಂತ್ರಕ್ಕೆ ಅನ್ವಯ. ನಾಲ್ಕು ಜನ ಲಾಗಿನ್ ಆಗುವ ಸರ್ವರ್‌ನಲ್ಲಿ ಹೀಗೆ ಮಾಡಿದರೆ, ವಿಮ್‌ನಿಂದ ಹೊರಬರಲು ಗೊತ್ತಿಲ್ಲದವರ ಶಾಪ ತಟ್ಟುವುದು ಖಂಡಿತ.

ಎರಡನೆಯದಾದ ‘ಸೆಲೆಕ್ಟ್-ಎಡಿಟರ್’ ಆಜ್ಞೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹೋಮ್ ಫೋಲ್ಡರಿನಲ್ಲಿ ಒಂದು ಅಡಗಿದ ಫೈಲ್ ಬರೆಯುತ್ತದೆ, ನಿಗದಿತ ವೇಳೆಯ ಕೆಲಸಗಳ ಪಟ್ಟಿ ತಿದ್ದುವ ಕ್ರಾನ್‌ಟ್ಯಾಬ್ ಅದನ್ನು ಕೇಳುತ್ತದೆ, ಗಿಟ್ ಕ್ಯಾರೇ ಅನ್ನುವುದಿಲ್ಲ. ನನಗೆ ಬೇಕಿದ್ದದ್ದೇ ಗಿಟ್!

ಮೂರನೆಯದು ಶೆಲ್ ಪ್ರೊಫೈಲ್‌ನಲ್ಲಿ (ಲಾಗಿನ್ ಆದಾಗ ಓದಿಕೊಳ್ಳುವ ನಮ್ಮ ಸೆಟ್ಟಿಂಗ್ ಫೈಲ್) ‘ಎಡಿಟರ್’, ‘ವಿಶುವಲ್’ ಎಂಬ ಎರಡು ವೇರಿಯಬಲ್ ಬರೆಯುವುದು. ಎರಡೇಕೆ? ಒಂದೊಂದೇ ಸಾಲು ತಿದ್ದುವ ‘ಇಡಿ’ಯಂಥ ಎಡಿಟರ್‌ಗಳ ಕಾಲದಲ್ಲಿ ಮೊದಲನೆಯದು ಅವಕ್ಕೆ, ಎರಡನೆಯದು ಪೂರ್ತಿ ಪರದೆ ಬಳಸುವವಕ್ಕೆ ಮೀಸಲಿತ್ತು. ಈಗಲೂ ಗಿಟ್ ‘ವಿಶುವಲ್’ ಅನ್ನೇ ಮೊದಲು ನೋಡುತ್ತದೆ, ಹಾಗಾಗಿ ಎರಡಕ್ಕೂ ವಿಮ್ ಹೆಸರನ್ನೇ ಕೊಟ್ಟೆ. ಗಿಟ್, ಕ್ರಾನ್‌ಟ್ಯಾಬ್, ಫೈಲ್ ಓದುವ ಲೆಸ್‌ನೊಳಗೆ ಎಡಿಟರ್ ತೆರೆಯುವ ‘ವಿ’ ಕೀಲಿ, ಎಲ್ಲವೂ ದಾರಿಗೆ ಬಂದವು. ರೂಟ್ (ನಿರ್ವಾಹಕ) ಅನುಮತಿ ಬೇಡ, ಪ್ರೊಫೈಲ್ ಕಾಪಿ ಮಾಡಿದರೆ ಮುಂದಿನ ಯಂತ್ರಕ್ಕೂ ಅದೇ ಸಾಕು. (ವಿಎಸ್ ಕೋಡ್ ಬಳಸುವವರು ‘ವೇಟ್’ ಆಯ್ಕೆ ಸೇರಿಸಲೇಬೇಕು. ಇಲ್ಲದಿದ್ದರೆ ನೀವು ಟೈಪ್ ಮಾಡುವ ಮೊದಲೇ ಗಿಟ್ ‘ಸಂದೇಶ ಖಾಲಿ’ ಎಂದು ಕಮಿಟ್ ಕೈಬಿಡುತ್ತದೆ.)

ಎಡವಿದ್ದು ಸುಡೊ ಬಳಿ. ಅದು ನಮ್ಮ ವೇರಿಯಬಲ್‌ಗಳನ್ನು ಬಾಗಿಲಲ್ಲೇ ಕಳಚಿಡುತ್ತದೆ. ಸಿಸ್ಟಮ್ ಫೈಲ್‌ಗಳಿಗೆ ‘ಸುಡೊಎಡಿಟ್’ ಅಭ್ಯಾಸ ಮಾಡಿಕೊಂಡೆ: ಫೈಲಿನ ಪ್ರತಿಯನ್ನು ನನ್ನದೇ ಎಡಿಟರ್‌ನಲ್ಲಿ, ನನ್ನದೇ ವಿಮ್ ಸೆಟ್ಟಿಂಗ್‌ಗಳೊಂದಿಗೆ ತೆರೆದು, ಸೇವ್ ಮಾಡಿ ಹೊರಬಂದ ಮೇಲೆ ಮೂಲಕ್ಕೆ ಬರೆಯುತ್ತದೆ.

ಈಗ ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದೂ ಮೂರನೆಯದೂ ಇವೆ. ಸರ್ವರ್‌ನಲ್ಲಿ ಮೂರನೆಯದು ಮಾತ್ರ. ಅಲ್ಲಿ ವಿಸುಡೊ ಇನ್ನೂ ನ್ಯಾನೊದಲ್ಲೇ ತೆರೆಯುತ್ತದೆ. ಅಪರೂಪದ ಕೆಲಸ, ಕಂಟ್ರೋಲ್-ಎಕ್ಸ್ ಒತ್ತಿ ಬರುತ್ತೇನೆ.